ಹೊಸ ಕಾರಿನ ಮೈಮೇಲೆ ಜೇಡರ ಬಲೆ

ಈ ಸಲದ ಸಂಚಿಕೆಗೆ ಕಾರಣ ಎವರ್‌ಗ್ರೀನ್‌ನಿಂದ ಬಂದ ಒಂದು ಪ್ರಶ್ನೆ. ಬೇ ಏರಿಯಾದ ಹೊರಗಿರುವ ಕೇಳುಗರಿಗೆ ಹೇಳಬೇಕು: ಎವರ್‌ಗ್ರೀನ್ ಅಂದ್ರೆ ಸ್ಯಾನ್ ಹೊಸೆ ನಗರದ ಆಗ್ನೇಯ ಭಾಗ. ಪೂರ್ವಕ್ಕೆ ಡಯಾಬ್ಲೋ ಬೆಟ್ಟಸಾಲು, ಬೇಸಿಗೆಯಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗುವ ಹುಲ್ಲು, ತಿಂಗಳುಗಟ್ಟಲೆ ಮಳೆ ಇಲ್ಲ. ಪ್ರಶ್ನೆ ಹೀಗಿತ್ತು: “ಕಪ್ಪು ಬಣ್ಣದ ಹೊಸ ಕಾರು ತಗೊಂಡು ಮೂರು ವಾರ ಆಯ್ತು. ಡೀಲರ್ ಹೇಳಿದ ಪೇಂಟ್ ಪ್ರೊಟೆಕ್ಷನ್ ಪ್ಯಾಕೇಜ್ ಬೇಡ ಅಂದ್ವಿ. ಈಗ ಬಿಸಿಲಲ್ಲಿ ನೋಡಿದ್ರೆ ಬಾನೆಟ್ ಮೇಲೆ ಜೇಡರ ಬಲೆ ಥರ ಗೀರುಗಳು. ಪ್ಯಾಕೇಜ್ ತಗೋಬೇಕಿತ್ತಾ?”

ಬೇಕಿರಲಿಲ್ಲ. ಆ ಗೀರುಗಳಿಗೂ ಪ್ಯಾಕೇಜಿಗೂ ಹೆಚ್ಚು ಸಂಬಂಧವಿಲ್ಲ. ಅವು ಒರೆಸಿದ್ದರಿಂದ ಬಂದವು.

ಮೊದಲು ಕಾರಿನ ಚರ್ಮ ಹೇಗಿದೆ ನೋಡೋಣ. ಉಕ್ಕಿನ ಹಾಳೆಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಕೂರಿಸುವ ತುಕ್ಕುನಿರೋಧಕ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ತಲೆಗೂದಲು ಸುಮಾರು 70 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ 40-50 ಮೈಕ್ರಾನ್, ಅಂದ್ರೆ ಕೂದಲಿಗಿಂತ ತೆಳು. ನಾವು ತೊಳೆಯೋದು, ಉಜ್ಜೋದು, ಪಾಲಿಶ್ ಮಾಡೋದು ಎಲ್ಲ ಇದನ್ನೇ. ಬಣ್ಣಕ್ಕೆ ನಮ್ಮ ಕೈ ತಾಗೋದೇ ಇಲ್ಲ. ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳು ಇರೋದೂ ಇದರಲ್ಲೇ. ಪ್ರತಿ ಸಲ ಯಂತ್ರದ ಪಾಲಿಶ್ ಮಾಡಿದಾಗ ಒಂದೆರಡು ಮೈಕ್ರಾನ್ ಹೋಗುತ್ತೆ, ಮತ್ತೆ ಬೆಳೆಯೋದಿಲ್ಲ. ಹಳೇ ಕಾರುಗಳ ಚಾವಣಿಯಲ್ಲಿ ಬಿಳಿ ಸಿಪ್ಪೆ ಏಳೋದನ್ನ ನೋಡಿರ್ತೀರಿ, ಅದು ಈ ಪದರ ಮುಗಿದುಹೋದ ಸ್ಥಿತಿ.

ಈಗ ಜೇಡರ ಬಲೆಗೆ ಬರೋಣ. ಮನೆಯಲ್ಲಿ ಹಳೇ ಸ್ಟೀಲ್ ತಟ್ಟೆ ಇದ್ದರೆ ತಗೊಂಡು ಬನ್ನಿ, ಫೋನಿನ ಟಾರ್ಚ್ ಹಾಕಿ. ಬೆಳಕಿನ ಸುತ್ತ ವೃತ್ತವೃತ್ತವಾಗಿ ಗೀರುಗಳು ಕಾಣ್ತವೆ, ಯಾರೋ ಗುಂಡಗೆ ತಿಕ್ಕಿದ ಹಾಗೆ. ಈಗ ಟಾರ್ಚನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ. ವೃತ್ತಗಳೂ ಜೊತೆಗೇ ಹೊರಟವು! ಗೀರು ನಡೆದಾಡೋದಿಲ್ಲವಲ್ಲ? ನಿಜ ಏನಂದ್ರೆ ಗೀರುಗಳು ಎಲ್ಲ ದಿಕ್ಕಿಗೂ ಇವೆ. ಆದರೆ ಬೆಳಕಿನ ಬಿಂದುವನ್ನು ಬಳಸಿ ಅಡ್ಡಲಾಗಿ ಹಾಯುವ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿನ ಕಡೆ ತಿರುಗಿಸುತ್ತವೆ. ಉಳಿದವು ಬೇರೆಲ್ಲಿಗೋ ಚೆದುರಿಸುತ್ತವೆ, ಕಾಣೋದಿಲ್ಲ. “ಗುಂಡಗೆ ಒರೆಸಬೇಡಿ, ನೇರ ಒರೆಸಿ” ಅನ್ನೋ ಸಲಹೆಯಲ್ಲಿ ಅರ್ಧ ಮಾತ್ರ ಹುರುಳಿದೆ. ನೇರ ಒರೆಸಿದರೂ ಮಣ್ಣಿನ ಕಣ ಗೀರು ಹಾಕೇ ಹಾಕುತ್ತೆ, ಆದರೆ ಅದು ಒಂದು ಕೋನದಿಂದ ಮಾತ್ರ ಕಾಣುತ್ತೆ, ಅಷ್ಟೇ. ಕಪ್ಪು ಬಣ್ಣದಲ್ಲಿ ಗೀರು ಹೆಚ್ಚು ಬೀಳುತ್ತೆ ಅಂತಲೂ ಅಲ್ಲ. ಕಪ್ಪು ಹಿನ್ನೆಲೆಯಲ್ಲಿ ಚೆದುರಿದ ಬೆಳಕು ಎದ್ದು ಕಾಣುತ್ತೆ.

ಗೀರು ಹಾಕೋದು ಯಾವುದು? ಬಟ್ಟೆಗಿಂತ ಹೆಚ್ಚಾಗಿ ಧೂಳು. ಧೂಳಿನಲ್ಲಿರುವ ಕ್ವಾರ್ಟ್ಜ್ ಕಣದ ಗಡಸುತನ ಮೋಸ್ ಮಾಪನದಲ್ಲಿ 7, ಗಾಜಿನ ಮೇಲೂ ಗೀರು ಹಾಕಬಲ್ಲದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಗ್ಗೆ ಐದಕ್ಕೇ ಬಂದು ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸಿ ಹೋಗೋರನ್ನ ನೆನಪಿಸಿಕೊಳ್ಳಿ. ಊರಿಂದ ಬಂದ ಅಪ್ಪ ಜೆಟ್ ಲ್ಯಾಗಿನಲ್ಲಿ ನಾಲ್ಕು ಗಂಟೆಗೇ ಎದ್ದು, ಮಗಳ ಹೊಸ ಕಾರನ್ನು ಹಳೇ ಬನಿಯನ್ನಿನಿಂದ ಪ್ರೀತಿಯಿಂದ ಒರೆಸ್ತಾರಲ್ಲ, ಪರಿಣಾಮ ಅದೇ. “ಅಪ್ಪಾ, ಒಣಗಿದ್ದಾಗ ಮುಟ್ಟಬೇಡಿ” ಅಂತ ಹೇಳೋದು ಕಷ್ಟ, ಆದರೂ ಹೇಳಿ. ಮೊದಲು ನೀರು ಹಾಯಿಸಿ ಕಣಗಳು ಜಾರಿಹೋಗಲಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬರೀ ಕೈಗವಸು ಜಾಲಾಡಲಿಕ್ಕೆ. ಮೈಕ್ರೋಫೈಬರ್ ಕೈಗವಸು, ಮೇಲಿಂದ ಕೆಳಕ್ಕೆ, ಚಕ್ರದ ಹತ್ತಿರದ ಭಾಗ ಕೊನೆಗೆ.

ಬೂದಿಯದ್ದು ಬೇರೆಯೇ ಕಥೆ. 2020ರ ಆಗಸ್ಟ್ 16ರಂದು ಸಿಡಿಲಿನಿಂದ ಶುರುವಾದ ಎಸ್‌ಸಿಯು ಕಾಡ್ಗಿಚ್ಚು ಈ ಡಯಾಬ್ಲೋ ಬೆಟ್ಟಗಳಲ್ಲೇ ಸುಮಾರು 3,96,000 ಎಕರೆ ಸುಟ್ಟಿತು. ಅಂಥ ದಿನಗಳಲ್ಲಿ ಕಾರಿನ ಮೇಲೆ ಬೂದಿ ಕೂರುತ್ತೆ. ನಮ್ಮ ಅಜ್ಜಿಯರು ಹಿತ್ತಾಳೆ ಪಾತ್ರೆಗೆ ಒಲೆಯ ಬೂದಿ, ಹುಣಸೆಹಣ್ಣು ಹಾಕಿ ತಿಕ್ತಿದ್ದರಲ್ಲ? ಬೂದಿ ನುಣ್ಣಗೆ ಉಜ್ಜುತ್ತೆ, ಒದ್ದೆಯಾದರೆ ಕ್ಷಾರವಾಗುತ್ತೆ. ಜಿಡ್ಡು ತೆಗೆಯಲು ಎರಡೂ ಒಳ್ಳೇದೇ. ಅದೇ ಎರಡು ಗುಣ ಕ್ಲಿಯರ್ ಕೋಟಿಗೆ ಕೆಡುಕು. ಬೂದಿಯನ್ನು ಒರೆಸಬೇಡಿ, ಇಬ್ಬನಿ ಬೀಳೋ ಮೊದಲು ಧಾರಾಳ ನೀರಿನಲ್ಲಿ ತೊಳೆದುಬಿಡಿ.

ಹಕ್ಕಿಯ ಹಿಕ್ಕೆಯೂ ಕಾಯೋದಿಲ್ಲ. ಅದರ ಬಿಳಿ ಭಾಗ ಯೂರಿಕ್ ಆಮ್ಲ. ಬಿಸಿಲಿನಲ್ಲಿ ಬಾನೆಟ್ ಮುಟ್ಟಲಾಗದಷ್ಟು ಕಾಯುತ್ತೆ, ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತೆ. ರಾತ್ರಿ ತಣ್ಣಗಾದಾಗ ಒಣಗಿ ಗಟ್ಟಿಯಾದ ಹಿಕ್ಕೆಯ ಆಕಾರಕ್ಕೇ ಅಚ್ಚು ಬೀಳುತ್ತೆ. ಒದ್ದೆ ಟಿಶ್ಯೂ ಐದು ನಿಮಿಷ ಮೇಲಿಟ್ಟು, ನೆನೆಸಿ, ಎತ್ತಿ ತೆಗೆಯಿರಿ.

ಇನ್ನು ವಾಹನ ಪೂಜೆ. ಲಿವರ್‌ಮೋರ್ ದೇವಸ್ಥಾನದಿಂದ ಬರುವ ಹೊಸ ಕಾರಿನ ಬಾನೆಟ್ ಮೇಲೆ ಅರಿಶಿನ, ಕುಂಕುಮ, ಗಂಧ ಇರಲೇಬೇಕು, ನಾವೇನು ಬೇಡ ಅನ್ನಲ್ಲ. ಗಟ್ಟಿಯಾಗಿ ಬೇಯಿಸಿದ ಕ್ಲಿಯರ್ ಕೋಟಿಗೆ ಅರಿಶಿನ ಸುಲಭಕ್ಕೆ ಇಳಿಯೋದಿಲ್ಲ, ಉಳಿದ ಹಳದಿಯನ್ನು ಬಿಸಿಲೇ ಮಂಕು ಮಾಡುತ್ತೆ. ಸೋಪು ತಾಗಿದಾಗ ಅರಿಶಿನ ಕೆಂಪಾದರೆ ಗಾಬರಿ ಬೇಡ, ಕ್ಷಾರದಲ್ಲಿ ಕುರ್ಕ್ಯುಮಿನ್ ಬಣ್ಣ ಬದಲಿಸುತ್ತೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡೋದೂ ಇದೇ ರಸಾಯನ. ಒಣಗಿದ ಪುಡಿಯನ್ನು ಕೈಯಲ್ಲಿ ಉಜ್ಜದೆ, ಅದೇ ದಿನ ನೀರಿನಲ್ಲಿ ಇಳಿಸಿ.

ನೀರೂ ಕಲೆ ಮಾಡುತ್ತೆ. ಸಾಂಟಾ ಕ್ಲಾರಾ ಕಣಿವೆಯ ಅಂತರ್ಜಲ ಗಡಸು. ಹನಿ ಆರಿದಲ್ಲಿ ಸುಣ್ಣದ ಉಂಗುರ ಉಳಿಯುತ್ತೆ, ನಮ್ಮ ಬೋರ್‌ವೆಲ್ ನೀರಿನ ಬಕೆಟ್ಟಿನಲ್ಲಿ ಕೂರುವ ಹಾಗೆ. ಬಿಸಿಲಲ್ಲಿ ತೊಳೆಯಬೇಡಿ, ತೊಳೆದ ಕೂಡಲೇ ದಪ್ಪ ಮೈಕ್ರೋಫೈಬರ್ ಟವೆಲಿನಿಂದ ನೀರು ಹೀರಿಸಿ.

ಸರಿ, ರಕ್ಷಣೆ. “ತೊಂಬತ್ತು ದಿನ ವ್ಯಾಕ್ಸ್ ಹಾಕಬೇಡಿ” ಅನ್ನೋದು ಗ್ಯಾರೇಜಿನಲ್ಲಿ ಮರುಬಣ್ಣ ಹಾಕಿದ ಕಾರಿಗೆ ಹೇಳೋ ಮಾತು. ಕಾರ್ಖಾನೆಯ ಬಣ್ಣ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದೇ ಬಂದಿರುತ್ತೆ. ಬ್ರೆಜಿಲಿನ ತಾಳೆ ಎಲೆಯ ಕಾರ್ನೌಬಾ ವ್ಯಾಕ್ಸ್ ವಾರಗಳು, ಪಾಲಿಮರ್ ಸೀಲೆಂಟ್ ತಿಂಗಳುಗಳು, ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು ಬಾಳುತ್ತೆ. ಇವು ನೀರು, ಕೊಳೆ ಅಂಟದ ಹಾಗೆ ಮಾಡ್ತವೆ, ನಿಜ. ಆದರೆ ಜಾಹೀರಾತಿನ “9ಎಚ್” ಗಡಸುತನ ಪೆನ್ಸಿಲ್ ಪರೀಕ್ಷೆಯ ಅಳತೆ, ವಜ್ರಕ್ಕೆ 10 ಕೊಡುವ ಮೋಸ್ ಮಾಪನದ 9 ಅಲ್ಲ. ಧೂಳಿನ ಮೇಲೆ ಒಣ ಬಟ್ಟೆ ಎಳೆದರೆ ಸೆರಾಮಿಕ್ಕಿಗೂ ಗೀರು. ಕಲ್ಲಿನೇಟು ತಡೆಯೋದು ದಪ್ಪನೆಯ ಪಾಲಿಯುರೆಥೇನ್ ಫಿಲ್ಮ್ ಮಾತ್ರ. ಹೆದ್ದಾರಿ ಓಡಾಟ ಹೆಚ್ಚಿದ್ದರೆ ಮುಂಭಾಗಕ್ಕೆ ಅದೊಂದು ಹಾಕಿಸಿ ಅಂತೀವಿ. ಉಳಿದದ್ದಕ್ಕೆ ಸೀಲೆಂಟ್ ಸಾಕು.

ನೊರೆ ಎಲ್ಲಿಗೆ ಹೋಗುತ್ತೆ? ಎವರ್‌ಗ್ರೀನ್‌ನ ರಸ್ತೆ ಬದಿಯ ಮಳೆನೀರು ಚರಂಡಿಗೆ ಶುದ್ಧೀಕರಣವೇ ಇಲ್ಲ. ಥಾಂಪ್ಸನ್ ಕ್ರೀಕ್, ಸಿಲ್ವರ್ ಕ್ರೀಕ್, ಕಯೋಟಿ ಕ್ರೀಕ್, ಅಲ್ಲಿಂದ ಸೀದಾ ಕೊಲ್ಲಿಗೆ. ಜಿಡ್ಡು ಬಿಡಿಸುವ ಸೋಪಿನ ಅಣುವೇ ಮೀನಿನ ಕಿವಿರಿನ ಲೋಳೆಯನ್ನೂ ಬಿಡಿಸುತ್ತೆ. ಹಾಗಾಗಿ ಹುಲ್ಲಿನ ಮೇಲೋ ಜಲ್ಲಿಯ ಮೇಲೋ ನಿಲ್ಲಿಸಿ ತೊಳೆಯಿರಿ. ಇಲ್ಲವೇ ಒಂದೇ ಬಕೆಟ್ಟಿನ ರಿನ್ಸ್‌ಲೆಸ್ ದ್ರಾವಣ ಬಳಸಿ. ಪೂರ್ತಿ ಬಿಟ್ಟ ಪೈಪು ನಿಮಿಷಕ್ಕೆ 30 ಲೀಟರಿಗೂ ಹೆಚ್ಚು ಸುರಿಯುತ್ತೆ. 2014ರ ಬರಗಾಲದಲ್ಲಿ ಕ್ಯಾಲಿಫೋರ್ನಿಯಾ, ತುದಿಯಲ್ಲಿ ನೀರು ನಿಲ್ಲಿಸುವ ನಾಜಲ್ ಇಲ್ಲದ ಪೈಪಿನಿಂದ ಕಾರು ತೊಳೆಯೋದನ್ನೇ ನಿಷೇಧಿಸಿತ್ತು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಇಟ್ಟಿತು.

ಕೊನೆಗೆ ಪ್ರಶ್ನೆ ಕೇಳಿದವರ ಬಾನೆಟ್ಟಿಗೆ. ಉಗುರು ಸಿಕ್ಕಿಕೊಳ್ಳದಷ್ಟು ಸಣ್ಣ ಗೀರಾದರೆ ಈಗಲೇ ಪಾಲಿಶ್‌ಗೆ ಓಡಬೇಡಿ. ಅಲ್ಲಿರೋದು ಕೆಲವೇ ಮೈಕ್ರಾನ್, ಅದನ್ನ ಮುಂದೆ ನಿಜವಾಗಿ ಬೇಕಾದಾಗ ಖರ್ಚು ಮಾಡಿ. ಸದ್ಯಕ್ಕೆ ಒಳ್ಳೇ ವ್ಯಾಕ್ಸ್ ಹಾಕಿ, ಗೀರುಗಳ ಅಂಚು ತುಂಬಿ ಅರ್ಧ ಬಲೆ ಮಾಯವಾಗುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.