ಕಪ್ಪು ಪರದೆಗೆ ಬೇರೆ ಬಣ್ಣ

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದರೆ ಕಪ್ಪು ಪರದೆ, ಬಿಳಿ ಅಕ್ಷರ. ಅದನ್ನು ಬದಲಿಸಲು ‘ಕಲರ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು, ಎರಡು ಗುರುತು ಕೊಟ್ಟು ಎಂಟರ್ ಒತ್ತಬೇಕು. ಸ್ಪೆಲ್ಲಿಂಗಿನಲ್ಲಿ ‘ಯು’ ಹಾಕಬೇಡಿ, ಇದು ಅಮೆರಿಕದವರ ಕಲರ್! ಮೊದಲ ಗುರುತು ಹಿನ್ನೆಲೆಗೆ, ಎರಡನೆಯದು ಅಕ್ಷರಕ್ಕೆ. 0ಯಿಂದ 9, ಆಮೇಲೆ ‘ಎ’ಯಿಂದ ‘ಎಫ್’, ಒಟ್ಟು 16 ಬಣ್ಣ. 0 ಕಪ್ಪು, 1 ನೀಲಿ, 2 ಹಸಿರು, 4 ಕೆಂಪು, ‘ಇ’ ತಿಳಿ ಹಳದಿ. ಎರಡಕ್ಕೂ ಒಂದೇ ಬಣ್ಣ ಕೊಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲ.

ಆದರೆ 24 ಕೊಟ್ಟರೆ ಒಪ್ಪುತ್ತದೆ. ಹಸಿರಿನ ಮೇಲೆ ಕೆಂಪು. ಒಂದು ದಿನ ಲ್ಯಾಬಿನಲ್ಲಿ ತಮಾಷೆಗೆಂದು ಗೆಳೆಯನ ಕಂಪ್ಯೂಟರಿಗೆ ನಾನು ಹೀಗೆ ಮಾಡಿಟ್ಟೆ. ಎಲ್ಲರೂ ನಕ್ಕೆವು, ಅವನು ನಗಲಿಲ್ಲ. ಸರ್ ಬಂದು ಪರದೆಯಲ್ಲಿ ಇರುವುದನ್ನು ಓದು ಎಂದಾಗ ಸುಮ್ಮನೆ ನಿಂತ. ಓದಿಕೊಂಡು ಬಂದಿಲ್ಲ ಎಂದು ಬೈಸಿಕೊಂಡ. ಆಮೇಲೆ ನನ್ನ ಹತ್ತಿರ ಮೆಲ್ಲಗೆ, “ಕುಛ್ ನೈ ದಿಖ್ರಾ ಭಾಯ್” ಎಂದ. ಅವನಿಗೆ ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಪಕ್ಕದಲ್ಲೇ ಕೂರುವ ನನಗೆ ಅದು ಗೊತ್ತಿರಲಿಲ್ಲ. ಇದು ಹೆಚ್ಚಾಗಿ ಹುಟ್ಟಿನಿಂದ ಬರುತ್ತದೆ, ಹುಡುಗರಲ್ಲಿ ಜಾಸ್ತಿ. (ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಸರ್‌ಗೂ ನಿಜ ಹೇಳಿದೆ.)

ಈಗ ಅವನಿಗೆ ಹಿಡಿಸಿರುವುದು ‘0ಇ’, ಕಪ್ಪಿನ ಮೇಲೆ ಹಳದಿ. ಹೀಗೆ ಟೈಪ್ ಮಾಡಿದ ಬಣ್ಣ ಕಿಟಕಿ ಮುಚ್ಚಿದರೆ ಹೋಗುತ್ತದೆ. ಉಳಿಯಬೇಕಾದರೆ ಕಿಟಕಿಯ ಮೇಲಿನ ಪಟ್ಟಿಗೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ ತೆರೆದು, ‘ಕಲರ್ಸ್’ನಲ್ಲಿ ಆರಿಸಿ ಓಕೆ ಕೊಡಬೇಕು. ಲ್ಯಾಬಿನಲ್ಲಿ ಅವನು ಕೂರುವ ಕಂಪ್ಯೂಟರಿಗೆ ಸರ್ ಅನುಮತಿ ಪಡೆದು ಹಾಗೇ ಮಾಡಿದ್ದೇನೆ. ಅಲ್ಲಿ ಕೂತವರು ದಯವಿಟ್ಟು ಬದಲಿಸಬೇಡಿ.