ಕೂಲಿಯೂ ವಲಸೆಯೂ

ನಿರುದ್ಯೋಗವು ಕಡಮೆಯಾದರೆ ಜನರ ಸ್ಥಿತಿ ಉತ್ತಮವಾಯಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಹಾಸನದ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಮಾಡೋಣ.

ಅರಸೀಕೆರೆಯದು ಮಳೆ ಕಡಮೆಯಾದ ತೆಂಗು ರಾಗಿಗಳ ನಾಡು. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ರೈಲುದಾರಿಗಳು ಕೂಡುವ ಸ್ಥಳ. ಬೆಳೆ ಕೈಕೊಟ್ಟ ವರ್ಷ ದುಡಿಯುವವರಿಗೆ ಪಟ್ಟಣದ ದಾರಿ ಹತ್ತಿರವೇ ಇದೆ. ಹಳೇಬೀಡಿನ ಬಯಲನ್ನು ದಾಟಿ ಬೇಲೂರಿನ ಪಶ್ಚಿಮಕ್ಕೆ ಹೋದರೆ ಕಾಫಿಯ ತೋಟಗಳು. ಅಲ್ಲಿ ಹಣ್ಣು ಕೊಯ್ಯುವ ಕಾಲದಲ್ಲಿ, ಎಂದರೆ ಸುಮಾರು ನವೆಂಬರಿನಿಂದ ಫೆಬ್ರವರಿಯವರೆಗೆ, ಎಷ್ಟು ಕೈಗಳಿದ್ದರೂ ಸಾಲವು. ಹೀಗೆ ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಕೆಲಸ ಸಾಲದ ಜನ, ಇನ್ನೊಂದು ಕಡೆ ಜನ ಸಾಲದ ಕೆಲಸ.

2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಪಟ್ಟಣಗಳು ಮುಚ್ಚಲು, ದೇಶದಲ್ಲೆಲ್ಲ ದುಡಿಯಹೋದವರು ಹಳ್ಳಿಗೆ ಮರಳಿದರು. ಆದರೂ ಸರ್ಕಾರದ ಲೆಕ್ಕದಲ್ಲಿ ದೇಶದ ನಿರುದ್ಯೋಗವು 2018–19ರಲ್ಲಿ ನೂರಕ್ಕೆ 5.8 ಇದ್ದದ್ದು 2020–21ರಲ್ಲಿ 4.2ಕ್ಕೆ ಇಳಿಯಿತು! ಇದರ ಗುಟ್ಟು ಇನ್ನೊಂದು ಅಂಕಿಯಲ್ಲಿದೆ: ಅದೇ ಅವಧಿಯಲ್ಲಿ ದುಡಿಯುವವರ ಪೈಕಿ ಬೇಸಾಯಗಾರರ ಪಾಲು 42.5ರಿಂದ 46.5ಕ್ಕೆ ಏರಿತು. ಊರಿಗೆ ಬಂದು ತಂದೆಯ ಹೊಲದಲ್ಲಿ ಕೈಗೂಡಿಸಿದವನು ಲೆಕ್ಕಕ್ಕೆ ಉದ್ಯೋಗಸ್ಥನೇ. ಆದರೆ ಇಬ್ಬರ ಕೆಲಸವನ್ನು ಮೂವರು ಹಂಚಿಕೊಂಡರೆ ಫಸಲು ಹೆಚ್ಚುವುದಿಲ್ಲ. ತಲೆಗೆ ಬರುವ ಪಾಲು ಮಾತ್ರ ಕುಗ್ಗುತ್ತದೆ.

ಪಟ್ಟಣದ ಕಟ್ಟಡದ ಕೆಲಸ, ಕಾರ್ಖಾನೆಗಳು ಚೇತರಿಸಿಕೊಂಡಾಗ ಚಕ್ರವು ತಿರುಗುತ್ತದೆ. ಹಳ್ಳಿಯಲ್ಲಿ ಆಳು ವಿರಳವಾಗಿ ಕೂಲಿ ಏರುತ್ತದೆ. ಆದರೆ ಆ ಏರಿಕೆಗೂ ಒಂದು ಮಿತಿಯುಂಟು. ಕಾಫಿಯ ಸೀಮೆಗೆ ಅಸ್ಸಾಂ ಮೊದಲಾದ ದೂರದೇಶಗಳಿಂದಲೂ ದುಡಿಯುವವರು ಬರುತ್ತಾರೆ. ಅವರನ್ನು ದೂಷಿಸುವುದು ನ್ಯಾಯವಲ್ಲ. ಅರಸೀಕೆರೆಯವನು ಬೆಂಗಳೂರಿಗೆ ಹೋಗುವ ಕಾರಣವೇ ಅವರನ್ನು ಬೇಲೂರಿಗೆ ತರುತ್ತದೆ. ಮೇಲಾಗಿ, ಹಣ್ಣು ಗಿಡದಲ್ಲಿಯೇ ಉಳಿದು ಉದುರಿದರೆ ಸ್ಥಳದವರ ಕೆಲಸಕ್ಕೂ ಕುತ್ತು.

ಕೂಲಿಯ ಅಂಕಿಯನ್ನಾದರೂ ನಂಬಬಹುದೆ? ನಮ್ಮ ರಾಜ್ಯದಲ್ಲಿ ಉದ್ಯೋಗಖಾತರಿಯ ದಿನಗೂಲಿ 2019–20ರಲ್ಲಿ 249 ರೂಪಾಯಿ ಇದ್ದು, 2024–25ರಲ್ಲಿ 349 ಆಯಿತು. ನೂರಕ್ಕೆ ನಾಲ್ವತ್ತರಷ್ಟು ಏರಿಕೆ. ಆದರೆ ಅಂಗಡಿಯ ಬೆಲೆಗಳೂ ನಿಂತಲ್ಲಿ ನಿಂತಿರಲಿಲ್ಲ. ಕೂಲಿ ನಾಲ್ವತ್ತು ಏರಿದಾಗ ಬೆಲೆಗಳು ಮೂವತ್ತು ಏರಿದ್ದರೆ, ನಿಜವಾದ ಲಾಭ ಎಂಟಕ್ಕಿಂತ ಕಡಮೆಯೆಂಬುದನ್ನು ಯಾರಾದರೂ ಗುಣಿಸಿ ನೋಡಬಹುದು.

ಆದುದರಿಂದ ಎಷ್ಟು ಮಂದಿಗೆ ಕೆಲಸವಿದೆ ಎಂದು ಕೇಳಿದರೆ ಸಾಲದು. ವರ್ಷದಲ್ಲಿ ಎಷ್ಟು ದಿನ ಕೆಲಸ, ಆ ಕೂಲಿಗೆ ಎಷ್ಟು ರಾಗಿ, ದುಡಿಯಲು ಹೋದ ಊರಿನಲ್ಲಿ ಮಕ್ಕಳಿಗೆ ಶಾಲೆಯುಂಟೆ ಎಂಬುದನ್ನೂ ಕೇಳಬೇಕು. ಇವಕ್ಕೆ ಉತ್ತರ ದೊರೆತಾಗಲೇ ಚೇತರಿಕೆಯೆಂಬ ಮಾತಿಗೆ ಅರ್ಥ.