ರಾಜೀನಾಮೆಯ ಪತ್ರ ಹೇಳದ ಮಾತು

ಯಾದಗಿರಿ ಜಿಲ್ಲಾಕೇಂದ್ರದಿಂದ ದೂರವಿರುವ ಹುಣಸಗಿಯಂತಹ ಊರಿನ ಆಸ್ಪತ್ರೆಯಿಂದ ಸಿಸ್ಟರೊಬ್ಬರು ನಿರ್ಗಮಿಸುವಾಗ, ರಾಜೀನಾಮೆಯ ಪತ್ರದಲ್ಲಿ ಸಾಮಾನ್ಯವಾಗಿ ಕಾಣುವುದು ‘ವೈಯಕ್ತಿಕ ಕಾರಣ’ವೆಂಬ ಎರಡೇ ಪದಗಳು. ಸಾಮಾನ್ಯ ವಾರ್ಡಿನ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡವು ಕಾಗದದಲ್ಲುಳಿದು ರಾತ್ರಿಪಾಳಿಯ ಭಾರವೆಲ್ಲ ಒಬ್ಬರ ಹೆಗಲಿಗೇರಿದುದೋ, ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ನವೀಕರಣಕ್ಕಾಗಿ ಕಾಯಬೇಕಾದ ಗುತ್ತಿಗೆಯೋ, ವಸತಿಗೃಹದ ಅಭಾವವೋ, ಮಕ್ಕಳ ವಿದ್ಯಾಭ್ಯಾಸದ ಚಿಂತೆಯೋ ಆ ಪದಗಳ ಹಿಂದೆ ಅಡಗಿರಬಹುದು.

ಇದನ್ನರಿಯುವ ಸಾಧನವೇ ನಿರ್ಗಮನ ಸಂದರ್ಶನ. ಆದರೆ ಮೇಲಧಿಕಾರಿಯೇ ಎದುರು ಕುಳಿತು ಕೇಳಿದರೆ, ಅನುಭವ ಪ್ರಮಾಣಪತ್ರವಿನ್ನೂ ಕೈಸೇರದ ಆಕೆ ಸತ್ಯವನ್ನು ನುಡಿಯಲಾರರು. ಆದಕಾರಣ ಬಾಕಿ ವೇತನವೂ ಪ್ರಮಾಣಪತ್ರವೂ ಸಂದ ಬಳಿಕ, ಆ ಆಸ್ಪತ್ರೆಗೆ ಸಂಬಂಧವಿಲ್ಲದವರು, ಹೆಸರನ್ನು ಗೋಪ್ಯವಾಗಿಟ್ಟು ಕೇಳತಕ್ಕದ್ದು. ಹೋದವರು ಮರಳುವುದು ದುರ್ಲಭವಾದುದರಿಂದ, ಇನ್ನೂ ಸೇವೆಯಲ್ಲಿರುವ ಸಿಸ್ಟರುಗಳನ್ನೂ ಇದೇ ಪ್ರಶ್ನೆಗಳನ್ನು ಈಗಲೇ ಕೇಳಬೇಕೆಂಬುದು ನನ್ನ ದೃಢಾಭಿಪ್ರಾಯ.